ಒಂದೇ ತರದ ಎರಡು ಮೊಬೈಲುಗಳಲ್ಲಿ ಯಾವುದನ್ನು ಕೊಳ್ಳಬೇಕು?

(ಬೆಂಗಳೂರು ಪೂರ್ವ ತಾಲ್ಲೂಕಿನ ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್.ಎಜಿ., ಬರೆದುದು)

ನೇಗಿಲು, ಕುಂಟೆ, ಪಂಪುಸೆಟ್ಟು, ಔಷಧಿ ಸಿಂಪಡಿಸುವ ಯಂತ್ರ ಮೊದಲಾದುವುಗಳ ಗುಣದೋಷಗಳನ್ನು ವಿವರಿಸತಕ್ಕ ಈ ಪತ್ರಿಕೆಯಲ್ಲಿ ಮೊಬೈಲ್ ಫೋನಿನ ವಿಚಾರವೇತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಈ ಯಂತ್ರವು ಬರಿಯ ಮಾತನಾಡುವ ಸಾಧನವಾಗಿ ಉಳಿಯದೆ ಬೇಸಾಯದ ಉಪಕರಣಗಳ ಸಾಲಿಗೆ ಸೇರಿ ಕೆಲವು ವರ್ಷಗಳಾದುವು. ೨೦೨೦ನೆಯ ಇಸವಿಯ ಮುಂಗಾರಿನಿಂದ ರೈತನು ತನ್ನ ಬೆಳೆಯ ವಿವರವನ್ನು ತಾನೇ ಮೊಬೈಲಿನ ಮೂಲಕ ಸರ್ಕಾರಕ್ಕೆ ಸಲ್ಲಿಸುವ ಏರ್ಪಾಡು ನಮ್ಮ ರಾಜ್ಯದಲ್ಲಿ ನಡೆದುಬಂದಿದೆ. ಹೊಲದಲ್ಲಿ ನಿಂತು, ಸರ್ವೆ ನಂಬರನ್ನು ಆರಿಸಿ, ಬೆಳೆಯ ಹೆಸರನ್ನು ನಮೂದಿಸಿ, ಪೈರಿನ ಫೋಟೋ ತೆಗೆದು ಕಳುಹಿಸಬೇಕು. ಬೆಳೆ ವಿಮೆಗೂ, ಬೆಂಬಲ ಬೆಲೆಯ ಖರೀದಿಗೂ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರಕ್ಕೂ ಈ ಸಮೀಕ್ಷೆಯ ದಾಖಲೆಯೇ ಆಧಾರವಾಗುತ್ತದೆ. ೨೦೨೩ರ ಜೂನ್ ತಿಂಗಳಿನಿಂದೀಚೆಗೆ ಪಿ.ಎಂ. ಕಿಸಾನ್ ಹಣಕ್ಕೆ ಬೇಕಾದ ಗುರುತಿನ ದೃಢೀಕರಣವನ್ನು ಸಹ ಮೊಬೈಲಿನ ಮುಂದೆ ಮುಖವನ್ನು ತೋರಿಸಿ ಮುಗಿಸುವ ಅನುಕೂಲವಿದೆ. ಎತ್ತು ಕುಂಟಿದರೆ ಒಂದು ದಿನದ ಉಳುಮೆ ನಿಲ್ಲುತ್ತದೆ. ಸಮೀಕ್ಷೆಯ ಕಾಲದಲ್ಲಿ ಫೋನು ಕೈಕೊಟ್ಟು, ರಾಗಿಯಿದ್ದ ಹೊಲವು ಬೀಳೆಂದು ದಾಖಲೆಯಾಯಿತೆಂದರೆ, ಅದನ್ನು ತಿದ್ದಿಸಲು ಪಡುವ ಪಾಡನ್ನು ಪಟ್ಟವರೇ ಬಲ್ಲರು.

ಇನ್ನೊಂದು ಕಾರಣವೂ ಉಂಟು. ಪಟೇಲಿಕೆ, ಶಾನುಭೋಗಿಕೆಗಳು ೧೯೬೩ರಲ್ಲಿಯೇ ರದ್ದಾದುವಾದರೂ, ಗ್ರಾಮದ ಹಿರಿಯರನ್ನು ಕೇಳಿ ಮುಂದುವರಿಯುವ ರೂಢಿಯು ಅಳಿದಿಲ್ಲ. ಗೌಡರು ಯಾವ ಫೋನನ್ನು ತಂದರೆಂಬುದನ್ನು ನೋಡಿಕೊಂಡು ಹತ್ತು ಮನೆಯವರು ಅದನ್ನೇ ತರುತ್ತಾರೆ. ಗ್ರಾಮಮುಖ್ಯರ ಒಂದು ಮಾತಿನಿಂದ ಹತ್ತು ಸಂಸಾರಗಳ ಹಣವು ಒಳ್ಳೆಯ ಕಡೆಗೋ ಕೆಟ್ಟ ಕಡೆಗೋ ಹರಿಯುತ್ತದೆ. ಆದುದರಿಂದ, ಬೆಲೆಯಲ್ಲಿಯೂ ರೂಪದಲ್ಲಿಯೂ ಒಂದನ್ನೊಂದು ಹೋಲುವ ಆಂಡ್ರಾಯ್ಡ್ ಫೋನುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸಿದ ಮೇಲೆ ಅದರ ವಿಷಯವಾಗಿ ಎಷ್ಟು ದಿವಸಗಳ ತರುವಾಯ ಅಭಿಪ್ರಾಯವನ್ನು ಹೇಳಬಹುದು ಎಂಬುದನ್ನು ಕುರಿತು ಈ ಲೇಖಕನ ಅಭಿಪ್ರಾಯವನ್ನು ಇಲ್ಲಿ ಬರೆದಿದೆ.

ಪೇಟೆಯ ಸ್ಥಿತಿ

ಕೃಷ್ಣರಾಜಪುರ, ಬಿದರಹಳ್ಳಿ, ವರ್ತೂರು ಹೋಬಳಿಗಳವರಿಗೆ ಪೇಟೆಯು ಈಗ ದೂರವಲ್ಲ. ೨೦೨೩ರ ಅಕ್ಟೋಬರ್ ೯ರಂದು ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಣ ಮೆಟ್ರೋ ಮಾರ್ಗವು ತೆರೆದ ಮೇಲೆ, ಕೆ.ಆರ್. ಪುರದಲ್ಲಿ ರೈಲು ಹತ್ತಿದವರು ಇಂದಿರಾನಗರ, ಹಲಸೂರುಗಳನ್ನು ದಾಟಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿಳಿದು ಶಿವಾಜಿನಗರಕ್ಕೆ ಹೋಗಿ, ಮಧ್ಯಾಹ್ನದೊಳಗಾಗಿ ಊರಿಗೆ ಹಿಂದಿರುಗಬಹುದು. ಕೆ.ಆರ್. ಪುರದ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ಹಲವು ಕಂಪೆನಿಗಳ ಫೋನುಗಳನ್ನು ಒಂದೇ ಮೇಜಿನ ಮೇಲೆ ನೋಡಬಹುದು. ಇಂದಿರಾನಗರದ ನೂರಡಿ ರಸ್ತೆ ಮತ್ತು ಚಿನ್ಮಯ ಮಿಷನ್ ಆಸ್ಪತ್ರೆಯ ರಸ್ತೆಗಳಲ್ಲಿ ದೀಪಾಲಂಕೃತವಾದ ದೊಡ್ಡ ಮಳಿಗೆಗಳುಂಟು. ಶಿವಾಜಿನಗರದಲ್ಲಿ, ೧೯೨೭ರ ರಸೆಲ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ, ಬಳಸಿದ ಫೋನುಗಳನ್ನು ಮಾರುವವರೂ ರಿಪೇರಿ ಮಾಡುವವರೂ ಇದ್ದಾರೆ. ೧೮೦೯ರಲ್ಲಿ ದಂಡಿನ ಪ್ರದೇಶವಾಗಿ ಹುಟ್ಟಿ ೧೯೪೭ರಲ್ಲಿ ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರಳಿದ ಈ ಪೇಟೆಗೆ ತರಕಾರಿಯನ್ನು ತಂದು ಮಾರುವ ಅಭ್ಯಾಸವು ನಮ್ಮ ರೈತರಿಗೆ ಹಳೆಯದು; ತಂದ ಹಣದಿಂದ ಫೋನು ಕೊಂಡು ಹೋಗುವ ಅಭ್ಯಾಸವು ಮಾತ್ರ ಹೊಸದು.

ತಮ್ಮ ತರಕಾರಿಯನ್ನು ಮಾರುವಾಗ ತೂಕದಲ್ಲಿ ಒಂದು ಹಿಡಿಯನ್ನೂ ಬಿಟ್ಟುಕೊಡದ ರೈತರು, ಫೋನಿನ ಅಂಗಡಿಯಲ್ಲಿ ಮಾತ್ರ ಮಾರುವವನ ಮಾತನ್ನು ಕೇಳಿ ತಲೆದೂಗುತ್ತಾರೆ. ಇದಕ್ಕೆ ಅವರ ಅಜ್ಞಾನವೊಂದೇ ಕಾರಣವಲ್ಲ. ಹದಿನಾಲ್ಕು ಹದಿನೈದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಮೇಜಿನ ಮೇಲೆ ಹರಡಿದ ಹತ್ತು ಫೋನುಗಳನ್ನು ನೋಡಿದರೆ ಬಲ್ಲವನಿಗೂ ಭೇದವು ತಿಳಿಯದು. ಎಲ್ಲಕ್ಕೂ ಅಂಗೈಗಿಂತ ದೊಡ್ಡದಾದ ಗಾಜಿನ ಮುಖ, ಎಲ್ಲದರ ಬೆನ್ನಿನಲ್ಲಿಯೂ ಎರಡು ಮೂರು ಕಣ್ಣುಗಳು, ಎಲ್ಲ ಡಬ್ಬಿಗಳ ಮೇಲೆಯೂ ಸುಮಾರಾಗಿ ಅವೇ ಸಂಖ್ಯೆಗಳು. ಸಸಿಮಡಿಯಲ್ಲಿ ಜಿ.ಪಿ.ಯು. ೨೮ ಎಂಬ ರಾಗಿಗೂ ಎಂ.ಎಲ್. ೩೬೫ ಎಂಬ ರಾಗಿಗೂ ಭೇದವನ್ನು ಕಂಡುಹಿಡಿಯುವುದು ಹೇಗೆ ಕಷ್ಟವೋ ಇದೂ ಹಾಗೆಯೇ. ಪೈರು ಬೆಳೆದು ತೆನೆ ಬರುವಾಗ ತಳಿಯ ಗುಣವು ಗೊತ್ತಾಗುತ್ತದೆ.

ಒಂದೇ ಎತ್ತಿಗೆ ಮೂರು ಹೆಸರು

ಕೆಲವು ಸಂದರ್ಭಗಳಲ್ಲಿ ಭೇದವು ನಿಜವಾಗಿಯೇ ಅತ್ಯಲ್ಪವೆಂಬುದನ್ನು ಮೊದಲು ತಿಳಿಯತಕ್ಕದ್ದು. ೨೦೨೩ರ ಜನವರಿಯಿಂದ ಏಪ್ರಿಲ್‌ವರೆಗೆ ಸ್ಯಾಮ್‌ಸಂಗ್ ಕಂಪೆನಿಯವರು ನಮ್ಮ ದೇಶದಲ್ಲಿ ಗ್ಯಾಲಕ್ಸಿ ಎ ೧೪, ಎಫ್ ೧೪, ಎಂ ೧೪ ಎಂಬ ಮೂರು ೫ಜಿ ಫೋನುಗಳನ್ನು ಹೊರತಂದರು. ಮೂರರ ಪರದೆಯೂ ೬.೬ ಅಂಗುಲ, ಮೂರರಲ್ಲಿಯೂ ಎಕ್ಸಿನೋಸ್ ೧೩೩೦ ಎಂಬ ಒಂದೇ ಚಿಪ್ಪು, ಮೂರರ ಮುಖ್ಯ ಕ್ಯಾಮೆರಾವೂ ೫೦ ಮೆಗಾಪಿಕ್ಸೆಲ್. ಎ ೧೪ರ ಬ್ಯಾಟರಿಯು ೫೦೦೦ ಮಿಲಿ ಆಂಪಿಯರ್ ಗಂಟೆಗಳದು, ಮಿಕ್ಕೆರಡರದು ೬೦೦೦. ಎಂ ೧೪ರ ಬೆನ್ನಿನಲ್ಲಿ ಮೂರು ಕಣ್ಣು, ಎಫ್ ೧೪ರ ಬೆನ್ನಿನಲ್ಲಿ ಎರಡು. ಎಂ ಎಂಬ ಗುಂಪಿನವನ್ನು ಮುಖ್ಯವಾಗಿ ಅಮೆಜಾನ್ ಮೂಲಕವೂ, ಎಫ್ ಎಂಬುವನ್ನು ೨೦೦೭ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪ್ರಾರಂಭವಾದ ಫ್ಲಿಪ್‌ಕಾರ್ಟ್ ಮೂಲಕವೂ ಮಾರುವುದು ವಾಡಿಕೆ. ಇದರಲ್ಲಿ ಮೋಸವೇನೂ ಇಲ್ಲ. ವ್ಯಾಪಾರದ ದಾರಿಗಳು ಬೇರೆ ಬೇರೆಯಾದುದರಿಂದ ಹೆಸರುಗಳೂ ಬೇರೆಯಾದುವು. ಆದರೆ ಈ ಸಂಗತಿಯನ್ನು ಬಲ್ಲ ರೈತನು ಹೆಸರಿಗಾಗಿ ಸಾವಿರ ರೂಪಾಯಿ ಹೆಚ್ಚಾಗಿ ಕೊಡಲಾರನು. ಹೊಲದ ಕೆಲಸದವನು ಅಲ್ಲಿ ದೊಡ್ಡ ಬ್ಯಾಟರಿಯೊಂದನ್ನು ನೋಡಿಕೊಂಡು ಉಳಿದುದನ್ನು ಬೆಲೆಯ ಮೇಲೆ ತೀರ್ಮಾನಿಸಬಹುದಾಗಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ೨೦೧೭ರಲ್ಲಿ ಶಿಯೋಮಿಯವರ ರೆಡ್ಮಿ ನೋಟ್ ೪ ಮತ್ತು ಮೋಟೊರೋಲಾದವರ ಮೋಟೋ ಜಿ ೫ ಪ್ಲಸ್ ಎಂಬ ಫೋನುಗಳು ಎರಡು ತಿಂಗಳ ಅಂತರದಲ್ಲಿ ಮಾರುಕಟ್ಟೆಗೆ ಬಂದುವು. ಎರಡರಲ್ಲಿಯೂ ಸ್ನಾಪ್‌ಡ್ರಾಗನ್ ೬೨೫ ಎಂಬ ಒಂದೇ ಚಿಪ್ಪು. ಆದರೆ ಒಂದರ ಬ್ಯಾಟರಿ ೪೧೦೦, ಇನ್ನೊಂದರದು ೩೦೦೦. ಒಂದರ ಕ್ಯಾಮೆರಾ ೧೩ ಮೆಗಾಪಿಕ್ಸೆಲ್, ಇನ್ನೊಂದರದು ೧೨. ಹಾಗಿದ್ದರೂ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುವ ಮಸೂರವಿದ್ದುದು ೧೨ರದರಲ್ಲಿ. ಒಂದೇ ಜೋಡಿ ಎತ್ತನ್ನು ಹಗುರವಾದ ಗಾಡಿಗೂ ಭಾರವಾದ ಗಾಡಿಗೂ ಕಟ್ಟಿದ ಹಾಗೆ, ಒಂದೇ ಯಂತ್ರವಿದ್ದರೂ ನಡೆಯು ಬೇರೆಯಾಗಿತ್ತು. ಇಲ್ಲಿ ಯಾವುದು ಉತ್ತಮವೆಂಬುದಕ್ಕೆ ಒಂದೇ ಉತ್ತರವಿಲ್ಲ. ದಿನವಿಡೀ ಹೊಲದಲ್ಲಿರುವವನಿಗೆ ಮೊದಲನೆಯದು, ಸಂಜೆಯ ಮಬ್ಬಿನಲ್ಲಿ ಕೊಟ್ಟಿಗೆಯ ಫೋಟೋ ತೆಗೆಯಬೇಕಾದವನಿಗೆ ಎರಡನೆಯದು.

ಈ ಎರಡು ಉದಾಹರಣೆಗಳಿಂದ ಒಂದು ನಿಯಮವು ಹೊರಡುತ್ತದೆ. ಮೊದಲು ತನ್ನ ಕೆಲಸಗಳ ಪಟ್ಟಿಯನ್ನು ಬರೆದುಕೊಂಡು, ಆಮೇಲೆ ಫೋನುಗಳ ಕಡೆಗೆ ನೋಡತಕ್ಕದ್ದು. ಪಟ್ಟಿಯಿಲ್ಲದೆ ಅಂಗಡಿಗೆ ಹೋದವನ ಪಟ್ಟಿಯನ್ನು ಅಂಗಡಿಯವನೇ ಬರೆಯುತ್ತಾನೆ.

ಡಬ್ಬಿಯ ಮೇಲಿನ ಸಂಖ್ಯೆಗಳು

ಬೆಳ್ಳಗಿರುವುದೆಲ್ಲಾ ಹಾಲಲ್ಲವೆಂಬ ಗಾದೆಯನ್ನು ಡಬ್ಬಿಯನ್ನು ಓದುವಾಗ ನೆನೆಯಬೇಕು. ೫೦ ಮೆಗಾಪಿಕ್ಸೆಲಿನ ಕ್ಯಾಮೆರಾವು ಸಾಮಾನ್ಯವಾಗಿ ನಾಲ್ಕು ನಾಲ್ಕು ಬಿಂದುಗಳನ್ನು ಕೂಡಿಸಿ ಸುಮಾರು ೧೨ ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತದೆ. ಕಡಮೆ ಬೆಳಕಿನಲ್ಲಿ ಇದರಿಂದ ಅನುಕೂಲವೂ ಉಂಟು. ೨ ಮೆಗಾಪಿಕ್ಸೆಲಿನ ಹೆಚ್ಚುವರಿ ಕಣ್ಣುಗಳು ಬಹುಮಟ್ಟಿಗೆ ಬೆನ್ನಿನ ಅಲಂಕಾರಕ್ಕಾಗಿವೆ. ಕೆಲವು ಡಬ್ಬಿಗಳ ಮೇಲೆ ರ‍್ಯಾಮ್ ೮ ಜಿ.ಬಿ. ಎಂದು ದಪ್ಪಕ್ಷರದಲ್ಲಿ ಬರೆದು, ೪ ಕೂಡಿಸು ೪ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಎರಡನೆಯ ನಾಲ್ಕು, ಫೋನಿನ ಉಗ್ರಾಣದ ಜಾಗದಿಂದ ಎರವಲು ತಂದುದು. ಅದರ ವೇಗವು ನಿಜವಾದ ರ‍್ಯಾಮಿನದಲ್ಲ. ಕಣದಲ್ಲಿನ ರಾಶಿಯ ಜೊತೆಗೆ ನೆರೆಯವನಿಂದ ಸಾಲ ತಂದ ಮೂಟೆಗಳನ್ನೂ ಸೇರಿಸಿ ಫಸಲನ್ನು ಎಣಿಸುವವರುಂಟೆ? ಆದುದರಿಂದ ಮೊದಲನೆಯ ಸಂಖ್ಯೆಯನ್ನೇ ಕೇಳತಕ್ಕದ್ದು. ಈ ಲೇಖಕನ ಅಭಿಪ್ರಾಯದಲ್ಲಿ ಈಗ ಕೊಳ್ಳತಕ್ಕವರು ನಿಜವಾದ ರ‍್ಯಾಮ್ ೬ ಜಿ.ಬಿ., ಉಗ್ರಾಣ ೧೨೮ ಜಿ.ಬಿ.ಗಳಿಗೆ ಕಡಮೆಯಾದುದನ್ನು ಕೊಳ್ಳದಿರುವುದು ಮೇಲು.

ಇನ್ನು ಹೊಲದ ಕೆಲಸಕ್ಕೆ ನಿಜವಾಗಿ ಬೇಕಾದುವನ್ನು ಕ್ರಮವಾಗಿ ಹೇಳುತ್ತೇವೆ.

ಒಂದನೆಯದು, ಬಿಸಿಲಿನಲ್ಲಿ ಪರದೆಯು ಕಾಣಬೇಕು. ಮಳಿಗೆಯ ನೆರಳಿನಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಅಂಗಡಿಯ ಹೊರಗೆ ರಸ್ತೆಯ ಬಿಸಿಲಿನಲ್ಲಿ ನಿಂತು, ಬೆಳಕನ್ನು ಪೂರ್ತಿಯಾಗಿ ಏರಿಸಿ, ಕನ್ನಡದ ಸಣ್ಣ ಅಕ್ಷರಗಳನ್ನು ಓದಿ ನೋಡಬೇಕು. ಇದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗುವುದು ಒಳ್ಳೆಯದು. ಪರದೆಯ ಬೆಳಕನ್ನು ನಿಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಸಂಖ್ಯೆಯು ಹೆಚ್ಚಿದಷ್ಟೂ ಬಿಸಿಲಿನಲ್ಲಿ ಓದು ಸುಲಭ.

ಎರಡನೆಯದು, ಸ್ಥಳನಿರ್ದೇಶನವು ಖಚಿತವಾಗಿರಬೇಕು. ಬಯಲಿನಲ್ಲಿ, ಆಕಾಶವು ತೆರೆದಿರುವಾಗ, ಸಾಮಾನ್ಯ ಮೊಬೈಲು ತಾನಿರುವ ಸ್ಥಳವನ್ನು ಸುಮಾರು ೫ ಮೀಟರುಗಳ ಒಳಗೆ ಹೇಳಬಲ್ಲದು. ಒಂದು ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲ. ೫ ಮೀಟರೆಂದರೆ ೧೬ ಅಡಿಗೆ ಮೇಲೆ. ಅಂದರೆ ಯಂತ್ರವು ಚೆನ್ನಾಗಿರುವಾಗಲೇ ಗುಂಟೆಯ ಅರ್ಧ ಅಗಲದಷ್ಟು ಅನಿಶ್ಚಯವುಂಟು. ಅಣ್ಣತಮ್ಮಂದಿರೊಳಗೆ ಪಾಲಾಗಿ ಪಟ್ಟಿಪಟ್ಟಿಯಾದ ಹಿಡುವಳಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹಗಳನ್ನು ಹಿಡಿಯುವ ಫೋನುಗಳು ಸಾಮಾನ್ಯವಾಗಿ ಬೇಗನೆ ನೆಲೆಯನ್ನು ಕಾಣುತ್ತವೆ. ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನು ಹಿಡಿಯುವ ಫೋನುಗಳು ೨೦೨೦ರಿಂದ ಮಾರುಕಟ್ಟೆಯಲ್ಲಿವೆ. ಆ ಉಪಗ್ರಹಗಳನ್ನು ಕಟ್ಟುವ ಇಸ್ರೋ ಸಂಸ್ಥೆಯ ಯು.ಆರ್. ರಾವ್ ಉಪಗ್ರಹ ಕೇಂದ್ರವು ಇಂದಿರಾನಗರಕ್ಕೆ ಸಮೀಪದ ವಿಮಾನಪುರದಲ್ಲಿಯೇ ಇದೆಯೆಂಬುದು ನಮ್ಮ ಭಾಗದವರಿಗೆ ಸಂತೋಷದ ವಿಷಯ.

ಮೂರನೆಯದು, ಊರಿನಲ್ಲಿ ಸಿಗ್ನಲು ಹಿಡಿಯಬೇಕು. ಇಂದಿರಾನಗರದಲ್ಲಿ ಯಾವ ಫೋನಾದರೂ ಹಿಡಿಯುತ್ತದೆ. ಪರೀಕ್ಷೆಯಿರುವುದು ಮಂಡೂರಿನಾಚೆಯ ತಗ್ಗಿನಲ್ಲಿ. ೭೦೦, ೮೫೦ ಮೆಗಾಹರ್ಟ್ಸ್‌ನಂಥ ತಗ್ಗಿನ ಅಲೆಗಳು ದೂರಕ್ಕೆ ಹೋಗುತ್ತವೆ, ಗೋಡೆಗಳನ್ನು ತೂರುತ್ತವೆ. ತನ್ನ ಊರಿನಲ್ಲಿ ಯಾವ ಕಂಪೆನಿಯ ಸಿಮ್ಮು ಚೆನ್ನಾಗಿ ಹಿಡಿಯುತ್ತದೆಯೋ ಆ ಕಂಪೆನಿಯ ಅಲೆಗಳನ್ನು ಫೋನು ಸ್ವೀಕರಿಸುವುದೇ ಎಂದು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು.

ನಾಲ್ಕನೆಯದು, ಧೂಳು ಮತ್ತು ನೀರು. ಐ.ಪಿ. ೫೪, ಐ.ಪಿ. ೬೭ ಎಂಬಂಥ ಗುರುತುಗಳಲ್ಲಿ ಮೊದಲ ಅಂಕವು ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಪಟ್ಟುದು. ೫೪ ಎಂದರೆ ಎರಚಲು ತಾಕಿದರೆ ತಾಳುತ್ತದೆ. ೬೭ ಎಂದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ತಾಳತಕ್ಕದ್ದು. ರಾಗಿ ಒಕ್ಕುವ ಕಣದಲ್ಲಿ, ಔಷಧಿ ಸಿಂಪಡಿಸುವಲ್ಲಿ, ಹಾಲು ಕರೆಯುವಲ್ಲಿ ಬಳಸುವವರಿಗೆ ಕನಿಷ್ಠ ಮೊದಲನೆಯದಾದರೂ ಇರಬೇಕು.

ಐದನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಕಂಪೆನಿಯವರು ಎಷ್ಟು ವರ್ಷ ಫೋನಿನ ಯೋಗಕ್ಷೇಮವನ್ನು ನೋಡಿಕೊಳ್ಳುವರೆಂಬುದು. ಫೋನಿನೊಳಗಿನ ಆಂಡ್ರಾಯ್ಡ್ ವ್ಯವಸ್ಥೆಗೆ ಕಾಲಕಾಲಕ್ಕೆ ಹೊಸ ಆವೃತ್ತಿಗಳೂ, ಕಳ್ಳರ ಕೈಗೆ ಸಿಕ್ಕದಂತೆ ರಕ್ಷಣೆಯ ತಿದ್ದುಪಡಿಗಳೂ ಬರುತ್ತಿರಬೇಕು. ಇವು ನಿಂತ ಮೇಲೆ ಫೋನು ಓಡುತ್ತಿರುವುದೇನೋ ನಿಜ. ಆದರೆ ಹೊಸ ಆ್ಯಪ್‌ಗಳು ಒಂದೊಂದಾಗಿ ಅದರಲ್ಲಿ ಕೂರಲೊಲ್ಲವು, ಬ್ಯಾಂಕಿನ ವ್ಯವಹಾರಕ್ಕೆ ಅಪಾಯವೂ ಹೆಚ್ಚುತ್ತದೆ. ಮೇಲೆ ಹೇಳಿದ ಎಫ್ ೧೪, ಎಂ ೧೪ಗಳಿಗೆ ಕಂಪೆನಿಯವರು ೪ ವರ್ಷಗಳ ರಕ್ಷಣೆಯ ವಾಗ್ದಾನ ಮಾಡಿದ್ದರು. ಅದೇ ಕಂಪೆನಿಯವರು ೨೦೨೪ರ ಅಕ್ಟೋಬರಿನಲ್ಲಿ ಬಂದ ಗ್ಯಾಲಕ್ಸಿ ಎ ೧೬ಕ್ಕೆ ೬ ವರ್ಷಗಳೆಂದರು. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ, ಒಂದು ಮಾದರಿಯ ಮಾರಾಟವು ನಿಂತ ಮೇಲೆ ಕನಿಷ್ಠ ೫ ವರ್ಷ ಈ ತಿದ್ದುಪಡಿಗಳನ್ನು ಕೊಡಬೇಕೆಂಬ ಕಟ್ಟುಪಾಡು ಜಾರಿಗೆ ಬಂದಿದೆ. ನಮ್ಮಲ್ಲಿ ಕೊಳ್ಳುವವನೇ ಕೇಳಿ ತಿಳಿದುಕೊಳ್ಳಬೇಕು. ಎತ್ತನ್ನು ಕೊಳ್ಳುವಾಗ ಹಲ್ಲು ಹಿಡಿದು ನೋಡಿ, ಇನ್ನೆಷ್ಟು ವರ್ಷ ದುಡಿದೀತೆಂದು ಎಣಿಸುವವರು ನಾವು. ಫೋನಿನ ಹಲ್ಲೆಂದರೆ ಇದೇ. ಹನ್ನೆರಡು ಸಾವಿರದ ಫೋನು ಎರಡು ವರ್ಷ ಬಾಳಿದರೆ ವರ್ಷಕ್ಕೆ ಆರು ಸಾವಿರ ಬಿದ್ದಿತು. ಹದಿನೈದು ಸಾವಿರದ ಫೋನು ಐದು ವರ್ಷ ಬಾಳಿದರೆ ವರ್ಷಕ್ಕೆ ಮೂರೇ ಸಾವಿರ. ಯಾವುದು ಅಗ್ಗವೆಂಬುದನ್ನು ಜಮಾಖರ್ಚು ಬಲ್ಲ ಹಿಡುವಳಿದಾರರಿಗೆ ಹೇಳಬೇಕಾಗಿಲ್ಲ.

ಕೊಂಡ ಮೇಲಣ ಮೊದಲ ಅಭಿಪ್ರಾಯ

ಕಳೆದ ಮುಂಗಾರಿಗೆ ಮುಂಚೆ ಈ ಲೇಖಕನೂ ಸಹೋದ್ಯೋಗಿಗಳೊಬ್ಬರೂ ಒಂದೇ ವಾರದಲ್ಲಿ, ಹೆಚ್ಚುಕಡಮೆ ಒಂದೇ ಬೆಲೆಗೆ, ಬೇರೆ ಬೇರೆ ಕಂಪೆನಿಗಳ ಎರಡು ಫೋನುಗಳನ್ನು ಕೊಂಡೆವು. ಬ್ಯಾಟರಿ, ಕ್ಯಾಮೆರಾ, ಪರದೆಯ ಅಳತೆ ಇವುಗಳಲ್ಲಿ ಡಬ್ಬಿಯ ಲೆಕ್ಕದಂತೆ ಎರಡಕ್ಕೂ ಭೇದವೇ ಇರಲಿಲ್ಲ. ಸರ್ಕಾರಿ ಪತ್ರಿಕೆಯಲ್ಲಿ ವ್ಯಾಪಾರದ ಹೆಸರನ್ನು ಎತ್ತಿಹಿಡಿಯುವುದೂ ತೆಗಳುವುದೂ ಉಚಿತವಲ್ಲದ್ದರಿಂದ ಇವನ್ನು ಮೊದಲನೆಯದು, ಎರಡನೆಯದು ಎಂದು ಕರೆಯುತ್ತೇವೆ. ಎರಡನ್ನೂ ಜೊತೆಯಲ್ಲಿಟ್ಟುಕೊಂಡು ಬಿದರಹಳ್ಳಿ ಹೋಬಳಿಯ ರಾಗಿ ಹೊಲಗಳಲ್ಲಿಯೂ ತರಕಾರಿ ತೋಟಗಳಲ್ಲಿಯೂ ಮೂರು ತಿಂಗಳು ಕೆಲಸ ಮಾಡಿದುದರಿಂದ ಹೋಲಿಸುವುದಕ್ಕೆ ಅವಕಾಶ ದೊರೆಯಿತು.

ಮೊದಲ ದಿವಸ ಕಛೇರಿಯಲ್ಲಿ ಎಲ್ಲರೂ ಮೆಚ್ಚಿದುದು ಮೊದಲನೆಯದನ್ನು. ಅದರ ಬೆನ್ನು ಹೊಳೆಯುತ್ತಿದ್ದಿತು, ತೂಕ ಕಡಮೆ, ಚಿತ್ರಗಳ ಬಣ್ಣಗಳು ಕಣ್ಣಿಗೆ ಹಬ್ಬ. ಎರಡನೆಯದು ಸ್ವಲ್ಪ ದಪ್ಪ, ನೋಟಕ್ಕೆ ಸಾಧಾರಣ. ಅಂದೇ ಪತ್ರಿಕೆಗೆ ಬರೆಯಬೇಕಾಗಿ ಬಂದಿದ್ದರೆ ಮೊದಲನೆಯದನ್ನೇ ಹೊಗಳಬೇಕಾಗುತ್ತಿತ್ತು.

ಮೊದಲ ವಾರದಲ್ಲಿ ಹೊಲಕ್ಕೆ ಹೋದಾಗ ಭೇದಗಳು ಒಂದೊಂದಾಗಿ ಹೊರಬಿದ್ದುವು. ನಡುಹಗಲಿನಲ್ಲಿ ಮೊದಲನೆಯದರ ಪರದೆಯನ್ನು ಓದಲು ಟವಲನ್ನು ಮರೆಮಾಡಬೇಕಾಯಿತು. ರಾಗಿಯ ಬೆಂಕಿರೋಗದ ಚುಕ್ಕೆಗಳ ಫೋಟೋ ತೆಗೆದಾಗ, ಅದು ಎಲೆಯ ಹಸುರನ್ನು ತಾನಾಗಿ ಹೆಚ್ಚಿಸಿ, ಚುಕ್ಕೆಯ ನಡುವಿನ ಬೂದು ಬಣ್ಣವನ್ನೂ ಅಂಚಿನ ಕಂದು ಬಣ್ಣವನ್ನೂ ಮಂಕುಮಾಡಿತು. ಮದುವೆಯ ಚಿತ್ರಕ್ಕೆ ಇದು ಗುಣವಾದೀತು. ರೋಗವನ್ನು ಗುರುತಿಸುವುದಕ್ಕಾಗಿ ಚಿತ್ರವನ್ನು ವಿಜ್ಞಾನಿಗಳಿಗೆ ಕಳುಹಿಸುವ ರೈತನಿಗೆ ದೋಷವೇ ಸರಿ. ನೀಲಗಿರಿ ತೋಪಿನ ಪಕ್ಕದ ಹೊಲವೊಂದರಲ್ಲಿ ಮೊದಲನೆಯದು ತಾನಿರುವ ಸ್ಥಳವನ್ನು ಪಕ್ಕದ ಸರ್ವೆ ನಂಬರಿನಲ್ಲಿ ತೋರಿಸುತ್ತಿದ್ದು, ಕೆಲವು ನಿಮಿಷಗಳು ಕಾದ ಮೇಲೆ ಸರಿಯಾಯಿತು. ಎರಡನೆಯದು ಬೇಗನೆ ನೆಲೆಗೊಂಡಿತು.

ಎರಡನೆಯದರಲ್ಲಿ ದೋಷಗಳೇ ಇರಲಿಲ್ಲವೆಂದಲ್ಲ. ಅದರಲ್ಲಿ ಕೊಳ್ಳುವಾಗಲೇ ತುಂಬಿಟ್ಟಿದ್ದ ಬೇಡವಾದ ಆ್ಯಪ್‌ಗಳು ಬಹಳ. ಅವುಗಳ ಜಾಹೀರಾತುಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಿದ್ದುವು. ಒಂದು ಸಂಜೆ ಕುಳಿತು ತೆಗೆಯಬಹುದಾದುವನ್ನು ತೆಗೆದು, ಉಳಿದವುಗಳ ಬಾಯಿಯನ್ನು ಮುಚ್ಚಿಸಬೇಕಾಯಿತು. ಅದರ ಸ್ಪೀಕರಿನ ಧ್ವನಿಯೂ ಸಣ್ಣದು. ಪಂಪುಸೆಟ್ಟಿನ ಪಕ್ಕದಲ್ಲಿ ಕರೆಗಂಟೆ ಕೇಳಿಸದು. ಕನ್ನಡದಲ್ಲಿ ಬೆರಳಚ್ಚು ಮಾಡುವ ವಿಷಯದಲ್ಲಿ ಎರಡೂ ಸಮವಾಗಿದ್ದುವು. ಭಾರತೀಯ ಮಾನಕ ಬ್ಯೂರೋದ ಐ.ಎಸ್. ೧೬೩೩೩ ಎಂಬ ಮಾನಕದ ಪ್ರಕಾರ ಇಲ್ಲಿ ಮಾರುವ ಫೋನುಗಳಲ್ಲಿ ನಮ್ಮ ಭಾಷೆಗಳನ್ನು ಓದಲು ಅನುಕೂಲವಿರಲೇಬೇಕಾದುದರಿಂದ, ಒತ್ತಕ್ಷರಗಳು ಒಡೆದು ಕಾಣುತ್ತಿದ್ದ ಹಳೆಯ ಕಷ್ಟವು ಈಗ ಬಹುಮಟ್ಟಿಗೆ ನೀಗಿದೆ.

ಮೂರನೆಯ ತಿಂಗಳಿನ ಕೊನೆಯ ಹೊತ್ತಿಗೆ ಮೊದಲ ದಿನದ ತೀರ್ಪು ತಲೆಕೆಳಗಾಗಿದ್ದಿತು. ಹೊಳೆಯುವ ಬೆನ್ನು ಗೀರುಬ್ಬಿ ರಟ್ಟಿನ ಕವಚದೊಳಗೆ ಅಡಗಿದ್ದಿತು. ಯಾರೂ ಅದನ್ನು ಕುರಿತು ಮಾತನಾಡುತ್ತಿರಲಿಲ್ಲ. ಇಲಾಖೆಯ ಸಿಬ್ಬಂದಿಯವರು ಸಮೀಕ್ಷೆಯ ದಿವಸ ಕೇಳಿ ಪಡೆಯುತ್ತಿದ್ದುದು ಎರಡನೆಯದನ್ನು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನೆಂಬ ಗಾದೆಯು ಮನುಷ್ಯರಿಗೆ ಹೇಗೋ ಯಂತ್ರಗಳಿಗೂ ಹಾಗೆಯೇ ಸಲ್ಲುತ್ತದೆ. ಹೊಸ ಫೋನು ಖಾಲಿಯಾಗಿರುವುದರಿಂದ ವೇಗವಾಗಿ ಓಡುತ್ತದೆ. ಹೊಸ ಬ್ಯಾಟರಿಯು ಪೂರ್ಣಶಕ್ತಿಯಲ್ಲಿರುತ್ತದೆ. ಹೊಸ ಯಜಮಾನನೂ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಈ ಮೂರೂ ಕೆಲವು ತಿಂಗಳುಗಳಲ್ಲಿ ಬದಲಾಗುತ್ತವೆ.

ಹಾಗಾದರೆ ಮೊದಲ ದಿನಗಳಲ್ಲಿ ಸುಮ್ಮನಿರಬೇಕೆ? ಹಾಗಲ್ಲ. ಅಭಿಪ್ರಾಯವನ್ನು ತಡಮಾಡಿ ಹೇಳಬೇಕು, ಪರೀಕ್ಷೆಯನ್ನು ಮಾತ್ರ ತಡಮಾಡದೆ ನಡೆಸಬೇಕು. ಅಂಗಡಿಯವರಾಗಲಿ ಅಂತರ್ಜಾಲದ ವ್ಯಾಪಾರಿಗಳಾಗಲಿ ಬದಲಾಯಿಸಿಕೊಡುವ ಅವಧಿಯು ಕೆಲವೇ ದಿವಸಗಳದು. ಅದೆಷ್ಟೆಂಬುದನ್ನು ಹಣ ಕೊಡುವ ಮೊದಲೇ ಕೇಳಿರಬೇಕು. ಆ ದಿವಸಗಳೊಳಗಾಗಿ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪನ್ನೂ, ಸರ್ವೆ ನಂಬರುಗಳನ್ನು ತೋರಿಸುವ ದಿಶಾಂಕ್ ಆ್ಯಪನ್ನೂ, ಹವಾಮಾನದ ಮೇಘದೂತ್ ಆ್ಯಪನ್ನೂ ಹಾಕಿ ನೋಡಬೇಕು. ಒಂದು ಪೂರ್ಣ ದಿವಸ ಚಾರ್ಜು ಮಾಡದೆ ಓಡಿಸಬೇಕು. ಮನೆಯ ಒಳಕೋಣೆಯಲ್ಲಿಯೂ ಹೊಲದ ತಗ್ಗಿನಲ್ಲಿಯೂ ಕರೆ ಮಾಡಿ ನೋಡಬೇಕು. ಡಬ್ಬಿಯನ್ನೂ, ಜಿ.ಎಸ್.ಟಿ. ನಂಬರುಳ್ಳ ರಸೀತಿಯನ್ನೂ ಪಹಣಿಯಂತೆ ಜೋಪಾನ ಮಾಡಬೇಕು. ವಾರಂಟಿಯ ವಿಷಯದಲ್ಲಿ ಅನ್ಯಾಯವಾದರೆ ೨೦೧೯ರ ಗ್ರಾಹಕ ರಕ್ಷಣಾ ಕಾಯಿದೆಯುಂಟು. ೧೯೧೫ ಎಂಬ ನಂಬರಿಗೆ ಕರೆ ಮಾಡಿ ದೂರು ಹೇಳಬಹುದು. ರಸೀತಿಯಿಲ್ಲದವನ ದೂರಿಗೆ ಬಲವಿಲ್ಲ.

ಬಳಸಿದ ಫೋನುಗಳು

ಶಿವಾಜಿನಗರದಲ್ಲಿ ಬಳಸಿದ ಫೋನುಗಳನ್ನು ಕೊಳ್ಳಬಹುದೇ ಎಂದು ಅನೇಕರು ಕೇಳುತ್ತಾರೆ. ಕೊಳ್ಳಬಾರದೆಂದು ಈ ಲೇಖಕನು ಹೇಳಲಾರನು. ಪ್ರಾಮಾಣಿಕ ವ್ಯಾಪಾರಿಗಳೂ ನುರಿತ ರಿಪೇರಿಯವರೂ ಅಲ್ಲಿದ್ದಾರೆ. ಆದರೆ ಕೊಳ್ಳುವ ಮೊದಲು ನಕ್ಷತ್ರ, ಹ್ಯಾಷ್, ೦೬, ಹ್ಯಾಷ್ ಎಂದು ಒತ್ತಿ ಬರುವ ಹದಿನೈದು ಅಂಕಗಳ ಐ.ಎಂ.ಇ.ಐ. ನಂಬರನ್ನು ರಸೀತಿಯೊಡನೆ ತಾಳೆ ನೋಡಬೇಕು. ಆ ನಂಬರನ್ನು ಕೆ.ವೈ.ಎಂ. ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ ಬರೆದು ೧೪೪೨೨ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಕುಲಗೋತ್ರವು ತಿಳಿಯುತ್ತದೆ. ೨೦೨೩ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದವರು ತೆರೆದ ಸಂಚಾರ್ ಸಾಥಿಯಲ್ಲಿಯೂ ಇದನ್ನು ಪರೀಕ್ಷಿಸಬಹುದು. ಕಳುವಿನ ಮಾಲೆಂದು ತಡೆಹಿಡಿಯಲ್ಪಟ್ಟ ಫೋನನ್ನು ಅರ್ಧ ಬೆಲೆಗೆ ಕೊಂಡರೂ ಅದು ಪೂರ್ಣ ನಷ್ಟವೇ. ರಕ್ಷಣೆಯ ತಿದ್ದುಪಡಿಗಳು ನಿಂತುಹೋದ ಹಳೆಯ ಫೋನಿಗೂ ಮೇಲೆ ಹೇಳಿದ ಲೆಕ್ಕವೇ ಅನ್ವಯಿಸುತ್ತದೆ.

ಗ್ರಾಮಮುಖ್ಯರಲ್ಲಿ ಅರಿಕೆ

ವರ್ಷಕ್ಕೆ ಎರಡು ಮೂರು ಸಾರಿ ಮಾತ್ರ ಬರುವ ಸಮೀಕ್ಷೆಗಾಗಿ ಇಷ್ಟು ವಿಚಾರವೇಕೆ, ಗ್ರಾಮಕ್ಕೆ ನೇಮಕವಾದ ಖಾಸಗಿ ನಿವಾಸಿಯು ಹೇಗೂ ಬಂದು ದಾಖಲೆ ಮಾಡುತ್ತಾನಲ್ಲವೆ, ಎಂದು ಕೆಲವರು ವಾದಿಸುತ್ತಾರೆ. ಬರುವನು, ನಿಜ. ಆದರೆ ಹೊಲವು ತನ್ನದು, ಬೆಳೆಯು ತನ್ನದು, ಅದರ ದಾಖಲೆಯನ್ನು ಮಾತ್ರ ಪರರ ಬಿಡುವಿಗೆ ಬಿಡುವುದು ವಿವೇಕವಲ್ಲ. ರಾಗಿಯ ಸಾಲುಗಳ ನಡುವಣ ಅಕ್ಕಡಿಯಲ್ಲಿ ಅವರೆ, ತೊಗರಿಗಳಿರುವುದನ್ನು ಹೊಲದ ಯಜಮಾನನು ಮರೆಯಲಾರನು. ಹತ್ತಾರು ಹೊಲಗಳನ್ನು ಒಂದೇ ದಿವಸ ಮುಗಿಸಬೇಕಾದವನು ಮರೆಯಬಹುದು.

ನಮ್ಮ ಇಲಾಖೆಯವರಲ್ಲಿಯೂ ಒಂದು ಸಲಹೆಯನ್ನು ಮುಂದಿಡುವುದು ಅಪ್ರಾಸಂಗಿಕವಾಗಲಾರದು. ಪ್ರತಿ ಹಂಗಾಮಿನ ಮೊದಲಿನಲ್ಲಿ, ಆಯಾ ವರ್ಷದ ಸಮೀಕ್ಷೆಯ ಆ್ಯಪಿಗೆ ಬೇಕಾದ ಆಂಡ್ರಾಯ್ಡ್ ಆವೃತ್ತಿ ಯಾವುದು, ಜಾಗವೆಷ್ಟು ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿದರೆ, ಪೇಟೆಗೆ ಹೊರಟ ರೈತನು ಅದನ್ನು ಓದಿಕೊಂಡು ಹೋಗುವನು. ಬೀಜ ಗೊಬ್ಬರಗಳ ದರವನ್ನು ಬರೆಯುವ ಹಲಗೆಯ ಮೇಲೆ ಇನ್ನೆರಡು ಸಾಲುಗಳಿಗೆ ಜಾಗವಿಲ್ಲದೆ ಹೋಗದು.

ಗ್ರಾಮಮುಖ್ಯರಲ್ಲಿ ಕೇಳಿಕೊಳ್ಳುವುದು ಇಷ್ಟೇ. ತಾವು ಹೊಸ ಫೋನನ್ನು ತಂದ ದಿವಸ ನೆರೆಯವರು ಬಂದು ಕೈಯಲ್ಲಿ ಹಿಡಿದು, ಹೇಗಿದೆಯೆಂದು ಕೇಳುವರು. ಆ ದಿವಸ ಅದರ ಹೊಳಪನ್ನು ಹೊಗಳದೆ, ಒಂದು ಹಂಗಾಮು ಕಳೆಯಲಿ, ಹೇಳುತ್ತೇನೆ ಎಂದು ಉತ್ತರ ಕೊಡಿರಿ. ಬಿತ್ತನೆಯಿಂದ ಒಕ್ಕಣೆಯವರೆಗೆ ಬಿಸಿಲು, ಧೂಳು, ತುಂತುರುಗಳಲ್ಲಿ ಅದನ್ನು ದುಡಿಸಿ, ಸಮೀಕ್ಷೆಯನ್ನು ಅದರಿಂದಲೇ ಮುಗಿಸಿ, ಆಮೇಲೆ ಅದರ ಗುಣವನ್ನೂ ದೋಷವನ್ನೂ ಚಾವಡಿಯಲ್ಲಿ ಕುಳಿತು ಸಮನಾಗಿ ಹೇಳಿರಿ. ಅಷ್ಟರಲ್ಲಿ ಇನ್ನೊಂದು ಹೊಸ ಮಾದರಿಯು ಪೇಟೆಗೆ ಬಂದಿರುತ್ತದೆ, ನಿಜ. ಆದರೆ ಪರೀಕ್ಷಿಸುವ ಕ್ರಮವನ್ನು ತಮ್ಮಿಂದ ಕಲಿತ ನೆರೆಯವರು ಆ ಹೊಸದನ್ನೂ ಅದೇ ಒರೆಗೆ ಹಚ್ಚಿ ನೋಡಿ ಕೊಳ್ಳುವರು.